ಓದುಗರ ಪ್ರಶ್ನೆ, ನಮ್ಮ ಉತ್ತರ: ಕಿಂಡರ್ ಸ್ಕೌಟ್ ಎಂಬ ಜೌಗು ಗುಡ್ಡ

ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಗರಗಳ ನಡುವೆ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನವಿದೆ. ಅದರ ಅತಿ ಎತ್ತರದ ಜಾಗ ಕಿಂಡರ್ ಸ್ಕೌಟ್, 636 ಮೀಟರ್. ಎರಡೂ ಊರುಗಳಿಂದ ರೈಲಿನಲ್ಲಿ ಈಡೇಲ್ ನಿಲ್ದಾಣಕ್ಕೆ ಬಂದಿಳಿದು ನಡೆದೇ ಹತ್ತಬಹುದು. ಹಾಗಾಗಿ ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರೂ ಅವರ ಮನೆಗೆ ಹೋಗುವ ಅಪ್ಪ-ಅಮ್ಮಂದಿರೂ ಈ ಗುಡ್ಡದ ಬಗ್ಗೆ ಕೇಳುತ್ತಲೇ ಇರುತ್ತಾರೆ. ಆಯ್ದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ಕುಮಾರಪರ್ವತ ಎರಡು ಸಲ ಹತ್ತಿದವರು ನಾವು. ಮುಳ್ಳಯ್ಯನಗಿರಿಯ ಮೂರನೇ ಒಂದು ಪಾಲೂ ಇಲ್ಲದ ಗುಡ್ಡಕ್ಕೆ ಇಷ್ಟು ತಯಾರಿ ಯಾಕೆ? (ಮ್ಯಾಂಚೆಸ್ಟರ್‌ನ ಓದುಗರು)

ಕುಮಾರಪರ್ವತದಲ್ಲಿ ನಿಮ್ಮನ್ನು ದಣಿಸುವುದು ಏರು. ಕಿಂಡರ್‌ನಲ್ಲಿ ದಣಿಸುವುದು ನೀರು, ಗಾಳಿ ಮತ್ತು ಕಾಲಡಿಯ ನೆಲ. ಒಂದು ಲೆಕ್ಕ ನೋಡಿ. ಗಾಳಿಯ ಉಷ್ಣತೆ ಪ್ರತಿ 100 ಮೀಟರ್ ಎತ್ತರಕ್ಕೆ ಸರಾಸರಿ 0.65 ಡಿಗ್ರಿ ಇಳಿಯುತ್ತದೆ. ಮ್ಯಾಂಚೆಸ್ಟರ್‌ನಲ್ಲಿ 10 ಡಿಗ್ರಿ ಇದ್ದರೆ ಗುಡ್ಡದ ತಲೆಯಲ್ಲಿ 6 ಡಿಗ್ರಿ. ಅಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಮೈಗೆ ಸೊನ್ನೆಯ ಹತ್ತಿರದ ಚಳಿ ಅನ್ನಿಸುತ್ತದೆ. ಬಟ್ಟೆ ಒದ್ದೆಯಾದರೆ ಈ ಲೆಕ್ಕವೂ ಸಾಲದು. ಏಪ್ರಿಲ್‌ನಲ್ಲಂತೂ ಬಿಸಿಲು, ಆಲಿಕಲ್ಲು, ಮಂಜು, ಮತ್ತೆ ಬಿಸಿಲು ಎಲ್ಲವೂ ಒಂದೇ ಮಧ್ಯಾಹ್ನ ಬಂದು ಹೋಗುತ್ತವೆ. ಮೇಲೆ ಮರವಿಲ್ಲ, ಮಂಟಪವಿಲ್ಲ. ನಿಲ್ಲಲು ಬಂಡೆಯ ಮರೆ ಮಾತ್ರ.

ಮೊದಲ ಸಲ ಹೋಗುವವರಿಗೆ ನಮ್ಮ ಸಲಹೆ ಈ ದಾರಿ. ಈಡೇಲ್‌ನಿಂದ ಹೊಲಗಳ ನಡುವೆ ಅಪ್ಪರ್ ಬೂತ್ ಎಂಬ ಪುಟ್ಟ ಹಳ್ಳಿ, ಅಲ್ಲಿಂದ ಹಳೆಯ ಸಣ್ಣ ಕಲ್ಲುಸೇತುವೆ ದಾಟಿ ಜೇಕಬ್ಸ್ ಲ್ಯಾಡರ್ ಎಂಬ ಕಲ್ಲುಮೆಟ್ಟಿಲು, ಮೇಲೆ ಬಲಕ್ಕೆ ತಿರುಗಿ ಕಿಂಡರ್ ಲೋ ಎಂಬಲ್ಲಿನ ಸರ್ವೆ ಕಂಬ. ಆಮೇಲೆ ಪ್ರಸ್ಥಭೂಮಿಯ ದಕ್ಷಿಣದ ಅಂಚು ಹಿಡಿದು ಪೂರ್ವಕ್ಕೆ ನಡೆದು, ಗ್ರೈಂಡ್ಸ್‌ಬ್ರುಕ್ ಕಣಿವೆಯಲ್ಲಿ ಇಳಿದರೆ ಮತ್ತೆ ಈಡೇಲ್. ಒಟ್ಟು ಸುಮಾರು 13 ಕಿ.ಮೀ., ಏರು ಸುಮಾರು 450 ಮೀಟರ್. ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬ ನೇಸ್ಮಿತ್ ಸೂತ್ರದ ಪ್ರಕಾರ ಇದು 3 ಗಂಟೆ 20 ನಿಮಿಷದ ನಡಿಗೆ. ಜೌಗಿಗೂ ಊಟಕ್ಕೂ ಸೇರಿಸಿ 5 ಗಂಟೆ ಇಟ್ಟುಕೊಳ್ಳಿ. ಮಳೆಯಾಗಿದ್ದರೆ ಗ್ರೈಂಡ್ಸ್‌ಬ್ರುಕ್‌ನ ಮೇಲ್ತುದಿಯಲ್ಲಿ ಬಂಡೆಗಳು ಜಾರುತ್ತವೆ, ಹಳ್ಳವೂ ತುಂಬಿರುತ್ತದೆ. ಆಗ ಬಂದ ದಾರಿಯಲ್ಲೇ ಇಳಿಯುವುದು ಕ್ಷೇಮ. ಡಿಸೆಂಬರ್‌ನಲ್ಲಿ ಸಂಜೆ 4ಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ ಎಂಬುದನ್ನು ಮರೆಯಬೇಡಿ. ತಲೆಗೆ ಕಟ್ಟುವ ಟಾರ್ಚ್ ಚೀಲದಲ್ಲಿರಲಿ.

ಪ್ರಶ್ನೆ: ನೀರು ಇಳಿಜಾರಿಗೆ ಹರಿಯುತ್ತದೆ. ಹಾಗಿದ್ದ ಮೇಲೆ ಜೌಗು ಗುಡ್ಡದ ಬುಡದಲ್ಲಿರಬೇಕು. ತಲೆಯ ಮೇಲೆ ಹೇಗೆ? (ಸಾಗರದ ಓದುಗರು)

ಕಿಂಡರ್‌ನ ತಲೆ ಚಪ್ಪಟೆ, ಮಳೆ ವರ್ಷವಿಡೀ, ಬಿಸಿಲು ಕಡಿಮೆ. ಬಿದ್ದ ನೀರು ಆವಿಯಾಗುವುದಕ್ಕಿಂತ ಹೆಚ್ಚು ನಿಲ್ಲುತ್ತದೆ. ನೀರು ತುಂಬಿದ ನೆಲಕ್ಕೆ ಗಾಳಿ ಸೇರುವುದಿಲ್ಲ, ಜೊತೆಗೆ ಅದು ಹುಳಿ. ಹಾಗಾಗಿ ಸತ್ತ ಹುಲ್ಲು, ಪಾಚಿ ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂರುತ್ತವೆ. ಈ ಕಪ್ಪು ನೆಲಕ್ಕೆ ಪೀಟ್ ಎನ್ನುತ್ತಾರೆ. ವರ್ಷಕ್ಕೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅಂದರೆ ನಿಮ್ಮ ಸೊಂಟದೆತ್ತರದ ಪೀಟ್ ಸಾವಿರ ವರ್ಷದ್ದು. ನರ್ಸರಿಯಲ್ಲಿ ಸಿಗುವ ಕೋಕೋಪೀಟ್‌ಗೂ ಇದಕ್ಕೂ ಸಂಬಂಧವಿಲ್ಲ, ಅದು ತೆಂಗಿನ ನಾರಿನ ಪುಡಿ. ಮಲೆನಾಡಿನ ಮಳೆ ಇನ್ನೂ ಜೋರು, ಆದರೆ ಅಲ್ಲಿನ ಸೆಕೆಗೆ ಬಿದ್ದ ಎಲೆ ಬೇಗ ಕೊಳೆತು ಗೊಬ್ಬರವಾಗುತ್ತದೆ. ನಮ್ಮ ನೆರೆಯ ನೀಲಗಿರಿಯ ಎತ್ತರದ ತಣ್ಣನೆ ಕಣಿವೆಗಳಲ್ಲಿ ಮಾತ್ರ ಪೀಟ್ ಉಂಟು.

ಪೀಟ್ ಕಟ್ಟುವುದು ಸ್ಫ್ಯಾಗ್ನಮ್ ಎಂಬ ಪಾಚಿ. ತನ್ನ ಒಣತೂಕದ 20 ಪಟ್ಟು ನೀರು ಹಿಡಿಯಬಲ್ಲದು. ಸುತ್ತಲಿನ ಕಾರ್ಖಾನೆ ಊರುಗಳ ಕಲ್ಲಿದ್ದಲ ಹೊಗೆ ಇಲ್ಲಿನ ಪಾಚಿಯನ್ನು ಬಹುಮಟ್ಟಿಗೆ ಕೊಂದಿತು, ಬೆತ್ತಲಾದ ಪೀಟ್ ಮಳೆಗೆ ಕೊಚ್ಚಿಹೋಯಿತು. ಈಗ ಆ ಪಾಚಿಯನ್ನು ಮತ್ತೆ ನೆಟ್ಟು ಬೆಳೆಸುವ ಕೆಲಸ ನಡೆಯುತ್ತಿದೆ. ಕೊರಕಲುಗಳಿಗೆ ಅಡ್ಡಲಾಗಿ ಕಲ್ಲು, ಮರದ ಸಣ್ಣ ಒಡ್ಡು ಕಾಣಿಸಿದರೆ ಅದರ ಮೇಲೆ ಕಾಲಿಡಬೇಡಿ.

ಪ್ರಶ್ನೆ: ಕಾಲಿಡುವ ಮೊದಲೇ ನೆಲ ಗಟ್ಟಿಯೋ ಹುದುಲೋ ಎಂದು ತಿಳಿಯುವುದು ಹೇಗೆ? (ಲೀಡ್ಸ್‌ನ ಓದುಗರು)

ಗಿಡ ನೋಡಿ. ಗುಡ್ಡ ಹತ್ತುವವರು ಕಲಿಯಲೇಬೇಕಾದ ವಿದ್ಯೆ ಇದು.

ಗಿಣಿಹಸಿರು ಅಥವಾ ಹಳದಿ ಮಿಶ್ರಿತ ಹಸಿರಿನ ಮೆತ್ತನೆ ಹಾಸು ಕಂಡರೆ ಅದು ಸ್ಫ್ಯಾಗ್ನಮ್. ನೋಡಲು ಎಷ್ಟು ಚೆಂದವೋ ಅಷ್ಟೇ ಒದ್ದೆ. ಕೆಳಗೆ ನೀರು ಬಿಟ್ಟು ಬೇರೇನೂ ಇಲ್ಲದಿರಬಹುದು. ಸುತ್ತು ಹಾಕಿ. ಮೇ-ಜೂನ್‌ನಲ್ಲಿ ಬಿಳಿ ಹತ್ತಿಯ ಕುಚ್ಚು ಬಿಡುವ ಹತ್ತಿಹುಲ್ಲು ಕೂಡ ಒದ್ದೆ ನೆಲದ ಗುರುತು. ಆದರೆ ಅದರ ಒಂದು ಜಾತಿ ಗುಪ್ಪೆಗುಪ್ಪೆಯಾಗಿ ಬೆಳೆಯುತ್ತದೆ. ಆ ಗುಪ್ಪೆಯ ನೆತ್ತಿಯ ಮೇಲೆ ಪಾದದ ನಡುಭಾಗ ಇಟ್ಟರೆ ಭಾರ ಹೊರುತ್ತದೆ. ಅಂಚಿನ ಮೇಲೆ ಇಟ್ಟರೆ ಪಾದ ಹೊರಳಿ ಕಣಕಾಲು ಉಳುಕುತ್ತದೆ. ಕಡುಹಸಿರಿನ ಕಡ್ಡಿಯಂಥ ಜೊಂಡು ಇರುವಲ್ಲಿ ನೀರು ಹರಿಯುತ್ತಿರುತ್ತದೆ. ಬೇಸಿಗೆಯ ಕೊನೆಗೆ ನೇರಳೆ ಹೂ ಬಿಡುವ ಹೆದರ್ ಪೊದೆ, ಬಿಲ್ಬೆರಿ ಗಿಡ ಇರುವಲ್ಲಿ ನೆಲ ಅದಕ್ಕಿಂತ ಒಣಗಿರುತ್ತದೆ. ಇಳಿಜಾರಿನಲ್ಲಿ ಎದೆಮಟ್ಟ ಬೆಳೆದ ಜರೀಗಿಡ ಇದ್ದರೆ ನೀರು ಬಸಿದುಹೋಗುವ ನೆಲ ಎಂದರ್ಥ.

ಮೋಸ ಮಾಡುವುದು ಬರಿಯ ಕಪ್ಪು ಪೀಟ್. ನಾಲ್ಕು ದಿನ ಬಿಸಿಲು ಬಿದ್ದರೆ ಮೇಲೆ ಬಿರುಕುಬಿಟ್ಟ ಹಪ್ಪಳದಂಥ ಪದರ ಕಟ್ಟುತ್ತದೆ. ಅದರಡಿ ರಾಗಿ ಅಂಬಲಿಯಂಥ ಕೆಸರು ಹಾಗೇ ಇರುತ್ತದೆ. ಕೋಲಿನಿಂದ ಚುಚ್ಚಿ ನೋಡಿ. ಒಂದು ಗೇಣು ಇಳಿದು ನಿಂತರೆ ಹೋಗಬಹುದು, ಸಲೀಸಾಗಿ ಮೊಳ ಇಳಿದರೆ ಬೇಡ. ಪೀಟ್ ಕೊರೆದು ಆಳಕ್ಕಿಳಿದ ಕೊರಕಲುಗಳ ತಳದಲ್ಲಿ ಬೂದುಬಣ್ಣದ ಮರಳು, ಹರಳು ಕಂಡರೆ ನಿಶ್ಚಿಂತೆಯಿಂದ ನಡೆಯಿರಿ, ಬಂಡೆ ಹತ್ತಿರದಲ್ಲೇ ಇದೆ. ತಳ ಕಪ್ಪಗೆ ಹೊಳೆಯುತ್ತಿದ್ದರೆ ಇಳಿಯಬೇಡಿ.

ಪೆನೈನ್ ವೇ ಎಂಬ ದೂರದ ಕಾಲುದಾರಿ ಈಡೇಲ್‌ನಿಂದಲೇ ಶುರುವಾಗುತ್ತದೆ. ಅದರ ತೀರಾ ಜೌಗಿನ ಭಾಗಗಳಲ್ಲಿ ದೊಡ್ಡ ಚಪ್ಪಡಿ ಹಾಸಿದ್ದಾರೆ. ಹಲವು ಚಪ್ಪಡಿಗಳು ಕೆಡವಿದ ಹತ್ತಿ ಗಿರಣಿಗಳ ನೆಲಗಲ್ಲು, ಯಂತ್ರ ಕೂರಿಸಿದ್ದ ತೂತುಗಳನ್ನು ಕೆಲವು ಕಲ್ಲುಗಳಲ್ಲಿ ಈಗಲೂ ನೋಡಬಹುದು. ಇಬ್ಬನಿ ಹೆಪ್ಪುಗಟ್ಟಿದ ಬೆಳಿಗ್ಗೆ ಇವು ಗಾಜಿನ ಹಾಗೆ ಜಾರುತ್ತವೆ. ಹೆಜ್ಜೆ ಚಿಕ್ಕದಿರಲಿ, ಇಡೀ ಪಾದ ಒಟ್ಟಿಗೆ ಊರಿ. ಕಾಲುದಾರಿಯ ನಡುವೆ ಕೆಸರು ಕಂಡರೆ ಹಲವರು ಪಕ್ಕದ ಹುಲ್ಲಿಗೆ ಹೋಗುತ್ತಾರೆ. ಎಲ್ಲರೂ ಹಾಗೆ ಮಾಡಿ ದಾರಿ ಹತ್ತಾರು ಮೀಟರ್ ಅಗಲದ ಗಾಯವಾಗಿದ್ದುಂಟು. ಕಣಕಾಲು ಮುಚ್ಚುವಷ್ಟು ಮಾತ್ರ ಕೆಸರಿದ್ದರೆ ದಯವಿಟ್ಟು ನಡುವೆಯೇ ನಡೆಯಿರಿ. ಬೂಟು ತೊಳೆದರೆ ಹೋಗುತ್ತದೆ, ಕಿತ್ತುಹೋದ ಪೀಟ್ ನಮ್ಮ ಕಾಲದಲ್ಲಿ ಮತ್ತೆ ಕೂಡುವುದಿಲ್ಲ.

ಪ್ರಶ್ನೆ: ಕಾಲು ಹೂತೇ ಹೋದರೆ? ಸಿನಿಮಾದಲ್ಲಿ ತೋರಿಸುವಂತೆ ಪೂರ್ತಿ ಮುಳುಗುತ್ತಾರೆಯೇ? (ಬೆಂಗಳೂರಿನ ಓದುಗರು)

ಇಲ್ಲ. ಪೀಟ್ ಕೆಸರಿಗಿಂತ ನಮ್ಮ ಮೈ ಹಗುರ. ಸಾಮಾನ್ಯವಾಗಿ ಮೊಣಕಾಲು, ಅಪರೂಪಕ್ಕೆ ತೊಡೆ ಅಥವಾ ಸೊಂಟದವರೆಗೆ ಇಳಿದು ನಿಲ್ಲುತ್ತೀರಿ. ಅಪಾಯ ಇರುವುದು ಒದ್ದಾಡಿ ಸುಸ್ತಾಗುವುದರಲ್ಲಿ, ತಣ್ಣೀರಿನಲ್ಲಿ ಹೊತ್ತು ಕಳೆಯುವುದರಲ್ಲಿ. ಕಾಲನ್ನು ನೆಟ್ಟಗೆ ಮೇಲಕ್ಕೆ ಎಳೆದರೆ ಅಂಗಾಲಿನಡಿ ನಿರ್ವಾತವಾಗಿ ಕೆಸರು ಮತ್ತೆ ಹೀರಿಕೊಳ್ಳುತ್ತದೆ. ಇನ್ನೊಂದು ಕಾಲನ್ನು ಊರಿ ಒತ್ತಿದರೆ ಅದೂ ಇಳಿಯುತ್ತದೆ. ಮೊದಲು ಬೆನ್ನಿನ ಚೀಲ ತೆಗೆದು ಎದುರಿಗಿಡಿ. ಅದರ ಮೇಲೆ, ಇಲ್ಲವೇ ಅಡ್ಡ ಮಲಗಿಸಿದ ಕೋಲುಗಳ ಮೇಲೆ ಎದೆಯಿಟ್ಟು ಬಾಗಿ. ಸಿಕ್ಕ ಕಾಲಿನ ಹಿಮ್ಮಡಿಯನ್ನು ಸಣ್ಣಗೆ ಸುತ್ತಲೂ ಆಡಿಸಿ, ನೀರೂ ಗಾಳಿಯೂ ಕೆಳಗಿಳಿಯುತ್ತವೆ. ಹಿಡಿತ ಸಡಿಲವಾದ ಮೇಲೆ ಓರೆಯಾಗಿ, ನಿಧಾನಕ್ಕೆ ಎಳೆದುಕೊಂಡು, ಬಂದ ದಿಕ್ಕಿಗೇ ತೆವಳಿ. ಜೊತೆಗಿದ್ದವರು ಹತ್ತಿರ ಬರದೆ ಗಟ್ಟಿ ನೆಲದಿಂದ ಕೋಲು ಚಾಚಲಿ. ಬೂಟಿನ ಲೇಸ್ ಮೊದಲೇ ಬಿಗಿಯಾಗಿ ಕಟ್ಟಿರಬೇಕು. ಸಡಿಲವಿದ್ದರೆ ಕಾಲು ಹೊರಗೆ ಬರುತ್ತದೆ, ಬೂಟು ಒಳಗೇ ಉಳಿಯುತ್ತದೆ.

ಪ್ರಶ್ನೆ: ಜುಲೈನಲ್ಲಿ ಮಗಳ ಮನೆಗೆ ಹೋಗುತ್ತಿದ್ದೇವೆ. ನನಗೆ 61, ದಿನಾ ವಾಕಿಂಗ್ ಮಾಡುತ್ತೇನೆ. ಕಾಟನ್ ಚೂಡಿದಾರ್, ಸ್ಪೋರ್ಟ್ಸ್ ಶೂ, ಕೊಡೆ ಸಾಕೇ? ತಿಂಡಿ ಏನು ಒಯ್ಯಲಿ? (ಮೈಸೂರಿನ ಓದುಗರು)

ಅಮ್ಮಾ, ದಿನಾ ವಾಕಿಂಗ್ ಮಾಡುವವರಿಗೆ ಜೇಕಬ್ಸ್ ಲ್ಯಾಡರ್ ಕಷ್ಟವೇನಲ್ಲ, ಧೈರ್ಯವಾಗಿ ಹೋಗಿ. ಕಾಟನ್ ಮಾತ್ರ ಬೇಡ. ಹತ್ತಿ ಬಟ್ಟೆ ನೀರು ಹೀರಿ ಮೈಗಂಟುತ್ತದೆ, ಗಂಟೆಗಟ್ಟಲೆ ಒಣಗುವುದಿಲ್ಲ, ಮೈಯ ಬಿಸಿಯನ್ನು ಎಳೆಯುತ್ತದೆ. ಜೀನ್ಸ್ ಇನ್ನೂ ಕೆಟ್ಟದ್ದು. ಮೈಗೆ ತಾಗುವಂತೆ ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆಯದು, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆ ಬೆಚ್ಚನೆ ಜಾಕೆಟ್, ಎಲ್ಲದರ ಮೇಲೆ ಟೋಪಿಯಿರುವ ಮಳೆ ಜಾಕೆಟ್ ಮತ್ತು ಮಳೆ ಪ್ಯಾಂಟು. ಕೊಡೆ ಮೊದಲ ಗಾಳಿಗೇ ತಿರುಗುಮುರುಗಾಗುತ್ತದೆ, ಪೊಂಚೊ ಪಟಪಟ ಹಾರಿ ಮುಖಕ್ಕೆ ಬಡಿಯುತ್ತದೆ. ನಿಮ್ಮ ಮಂಕಿ ಕ್ಯಾಪ್ ಖಂಡಿತ ಒಯ್ಯಿರಿ, ಜುಲೈನಲ್ಲೂ ಬೇಕಾದೀತು. ಶೂ ಕಣಕಾಲು ಮುಚ್ಚುವಂಥದ್ದು, ಅಟ್ಟೆಯ ಹಲ್ಲು ಆಳವಿರುವಂಥದ್ದು ಇರಲಿ. ಮೊಣಕಾಲಿನಿಂದ ಬೂಟಿನವರೆಗೆ ಸುತ್ತಿಕೊಳ್ಳುವ ಗೇಟರ್ ಇದ್ದರೆ ಕೆಸರು ಒಳಗಿಳಿಯುವುದಿಲ್ಲ.

ಚೀಲದ ಮೇಲೆ ಹೊದಿಸುವ ಕವರ್ ನಂಬಬೇಡಿ, ಗಾಳಿಗೆ ಹಾರಿಹೋಗುತ್ತದೆ. ಒಳಗೆ ಗಟ್ಟಿ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಒಂದು ಜೊತೆ ಉಣ್ಣೆ ಕಾಲುಚೀಲ, ಒಂದು ಜೊತೆ ಕೈಗವಸು, ಒಂದು ಸ್ವೆಟರ್ ಕಟ್ಟಿಡಿ. ಇವು ನಿಂತಾಗಷ್ಟೇ ಹಾಕಲು. ಮಳೆ ಜಾಕೆಟನ್ನು ಮೊದಲ ಹನಿಗೇ ಹಾಕಿ, ನೆನೆದ ಮೇಲೆ ಹಾಕಿದರೆ ಒದ್ದೆಯನ್ನೇ ಮುಚ್ಚಿಟ್ಟಂತೆ. ಏರುವಾಗ ಬೆವರುವ ಮೊದಲೇ ಫ್ಲೀಸ್ ಬಿಚ್ಚಿ.

ತಿಂಡಿಗೆ ಪುಳಿಯೋಗರೆ, ಚಿತ್ರಾನ್ನ ಬೇಡ. ಚಳಿಗೆ ಮರಗಟ್ಟಿದ ಬೆರಳಲ್ಲಿ ಅನ್ನ ಕಲಸುವುದು ಆಗದು. ಪಲ್ಯ ಸುತ್ತಿದ ಚಪಾತಿಯನ್ನು ಕೈಗವಸು ತೆಗೆಯದೆ ತಿನ್ನಬಹುದು. ಕಡಲೆ ಚಿಕ್ಕಿ, ಖರ್ಜೂರ ಜೇಬಿನಲ್ಲಿರಲಿ, ಗಂಟೆಗೊಮ್ಮೆ ಸ್ವಲ್ಪ. ಫ್ಲಾಸ್ಕಿನಲ್ಲಿ ಸಕ್ಕರೆ ಹಾಕಿದ ಚಹಾ, ಒಬ್ಬರಿಗೆ ಒಂದು ಲೀಟರ್ ನೀರು.

ಯಾರಾದರೂ ನಡುಗುತ್ತ, ಮಾತು ತೊದಲುತ್ತ, ಸುಮ್ಮನೆ ಎಡವತೊಡಗಿದರೆ ಅದು ಆಯಾಸವಲ್ಲ, ಮೈ ತಣ್ಣಗಾಗುತ್ತಿದೆ. ಬಂಡೆ ಮರೆಗೆ ಕೂರಿಸಿ, ಒಣಬಟ್ಟೆ ತೊಡಿಸಿ, ಸಿಹಿ ಕೊಡಿ. ಹೊಟ್ಟೆಗೆ ಬಿದ್ದು ಚೇತರಿಸಿದ ಕೂಡಲೇ ಇಳಿಯಿರಿ. ಚೇತರಿಸದಿದ್ದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಎಂದು ಕೇಳಿ. ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ.

ಪ್ರಶ್ನೆ: ಮೊಬೈಲಿನಲ್ಲಿ ಮ್ಯಾಪ್ ಇರುವಾಗ ಕಾಗದದ ನಕ್ಷೆ ಬೇಕೇ? (ಶೆಫೀಲ್ಡ್‌ನ ಓದುಗರು)

ಬೇಕು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಮಳೆಹನಿ ಬಿದ್ದ ಪರದೆ ಬೆರಳಿಗೆ ಸ್ಪಂದಿಸುವುದಿಲ್ಲ. ಮೊಬೈಲ್ ಒಳಜೇಬಿನಲ್ಲಿ ಬೆಚ್ಚಗಿರಲಿ. ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಓಎಲ್1 ಎಂಬ 1:25,000 ಅಳತೆಯ ನಕ್ಷೆಯೂ ದಿಕ್ಸೂಚಿಯೂ ಕೈಯಲ್ಲಿರಲಿ.

ಮಂಜು ಮುಸುಕಿದಾಗ ಕಿಂಡರ್‌ನ ನಡುಭಾಗ ಚಕ್ರವ್ಯೂಹ. ಕೊರಕಲುಗಳು ಆಳುದ್ದಕ್ಕಿಂತ ಆಳ, ಹಾವಿನಂತೆ ಬಳುಕುತ್ತವೆ. ಒಂದಕ್ಕೆ ಇಳಿದು ಹತ್ತುವಷ್ಟರಲ್ಲಿ ದಿಕ್ಕು ತಪ್ಪಿರುತ್ತದೆ. ನಿಜವಾದ ತುದಿಯಿರುವುದು ಈ ಜೌಗಿನೊಳಗೆ, ದಾರಿಯ ಮೇಲಲ್ಲ. ಅದನ್ನು ಮುಟ್ಟುವ ಹಟ ಮಂಜಿನ ದಿನ ಬಿಡಿ. ಅಂಚಿನ ದಾರಿಯೇ ನಿಮ್ಮ ಕೈಹಿಡಿ. ಒಳಗೆ ಸಿಕ್ಕಿಕೊಂಡಿದ್ದರೆ ದಿಕ್ಸೂಚಿ ಹಿಡಿದು ದಕ್ಷಿಣಕ್ಕೆ ನಡೆಯಿರಿ. ಪ್ರತಿ ಕೊರಕಲು ಹತ್ತಿದ ಮೇಲೂ ಮತ್ತೆ ಸೂಜಿ ನೋಡಿ, 20-30 ಮೀಟರ್ ಮುಂದಿನ ಕಲ್ಲೋ ಗುಪ್ಪೆಯೋ ಒಂದನ್ನು ಗುರಿಯಿಟ್ಟು ಅಲ್ಲಿಗೆ ಹೋಗಿ, ಮತ್ತೆ ನೋಡಿ. ಈಡೇಲ್ ಕಡೆಯ ಅಂಚು ಸಿಗುತ್ತದೆ. ಸಿಕ್ಕಕೂಡಲೇ ನೇರ ಕೆಳಗಿಳಿಯಬೇಡಿ, ಅಲ್ಲಿ ಬಂಡೆಗಳಿವೆ. ಅಂಚಿನ ದಾರಿ ಹಿಡಿಯಿರಿ.

ಪ್ರಶ್ನೆ: ಉಂಬಳ ಇದೆಯೇ? (ತೀರ್ಥಹಳ್ಳಿಯ ಓದುಗರು)

ಮಲೆನಾಡಿನಂತೆ ಕಾಲಿಗೆ ಹತ್ತುವ ಉಂಬಳದ ಕಾಟವಿಲ್ಲ. ಉಣ್ಣಿ ಇದೆ. ಮಂಗನ ಕಾಯಿಲೆಯ ಸೀಮೆಯವರಿಗೆ ಉಣ್ಣಿಯ ಎಚ್ಚರ ಹೇಳಿಕೊಡಬೇಕಿಲ್ಲ. ಇಲ್ಲಿ ಅದು ಹರಡುವುದು ಲೈಮ್ ಎಂಬ ಬೇರೆ ಕಾಯಿಲೆ. ಜರೀಗಿಡ, ಎತ್ತರದ ಹುಲ್ಲಿನಲ್ಲಿ ನಡೆದ ದಿನ ಮನೆಗೆ ಬಂದು ಮೊಣಕಾಲ ಹಿಂಭಾಗ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಕಚ್ಚಿದ್ದರೆ ಉಪ್ಪು, ಸುಣ್ಣ, ಹೊಗೆಸೊಪ್ಪು ಹಚ್ಚುವುದು ಬೇಡ. ಚೂಪು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೆಟ್ಟಗೆ ಎಳೆಯಿರಿ. ಮುಂದಿನ ಒಂದು ತಿಂಗಳೊಳಗೆ ಸುತ್ತ ಹರಡುವ ಕೆಂಪು ಕಲೆ ಅಥವಾ ಜ್ವರ ಬಂದರೆ ವೈದ್ಯರಿಗೆ ಉಣ್ಣಿ ಕಚ್ಚಿದ್ದನ್ನು ಹೇಳಿ.

ಪ್ರಶ್ನೆ: ಅನುಮತಿ ಪತ್ರ, ಶುಲ್ಕ ಇದೆಯೇ? (ಮ್ಯಾಂಚೆಸ್ಟರ್‌ನ ಓದುಗರು)

ಇಲ್ಲ. ಹಿಂದೆ ಜಮೀನುದಾರರ ಕಾವಲುಗಾರರು ನಡೆಯಲು ಬಂದವರನ್ನು ಅಟ್ಟುತ್ತಿದ್ದರು. 1932ರ ಏಪ್ರಿಲ್ 24ರಂದು ಬೆನ್ನಿ ರಾಥ್‌ಮನ್ ಮುಂದಾಳುತನದಲ್ಲಿ ನೂರಾರು ದುಡಿಯುವ ಜನ ಹೇಫೀಲ್ಡ್ ಕಡೆಯಿಂದ ಈ ಗುಡ್ಡ ಹತ್ತಿದರು, ಐವರು ಜೈಲಿಗೂ ಹೋದರು. ಇಂಥ ಜೌಗು ಬಯಲುಗಳಲ್ಲಿ ನಡೆಯುವ ಹಕ್ಕನ್ನು 2000ದ ಕಾಯಿದೆ ಎಲ್ಲರಿಗೂ ಕೊಟ್ಟಿದೆ. ಬೆಂಕಿ ಮಾತ್ರ ಹಚ್ಚಬೇಡಿ, ಒಣ ಪೀಟ್ ನೆಲದೊಳಗೇ ದಿನಗಟ್ಟಲೆ ಉರಿಯುತ್ತದೆ.

ಪ್ರಶ್ನೆ: ಪೀಟ್ ಮೆತ್ತಿದ ಬೂಟನ್ನು ಹೀಟರ್ ಮುಂದಿಟ್ಟೆ, ಚರ್ಮ ಬಿರುಕುಬಿಟ್ಟಿತು. ಏನು ತಪ್ಪಾಯಿತು? (ಲೀಡ್ಸ್‌ನ ಓದುಗರು)

ಹೀಟರ್‌ನ ಬಿಸಿಗೆ ಚರ್ಮದ ಎಣ್ಣೆಯಂಶ ಹೋಯಿತು, ಅಟ್ಟೆಯ ಅಂಟೂ ಸಡಿಲವಾಗಿರುತ್ತದೆ. ಪೀಟ್ ಹುಳಿಯಾದ್ದರಿಂದ ಮೆತ್ತಿಕೊಂಡೇ ಒಣಗಿದರೂ ಚರ್ಮ ಹಾಳು. ಮನೆಗೆ ಬಂದ ದಿನವೇ ಲೇಸ್ ಬಿಚ್ಚಿ, ತಣ್ಣೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಒಳಗಿನ ಹಾಸನ್ನು ಬೇರೆ ಒಣಗಿಸಿ. ಬೂಟಿನೊಳಗೆ ಪತ್ರಿಕೆಯ ಕಾಗದ ತುರುಕಿ, ಎರಡು-ಮೂರು ಗಂಟೆಗೊಮ್ಮೆ ಬದಲಿಸಿ, ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಇಡಿ. ಸ್ವಲ್ಪ ತೇವ ಇರುವಾಗಲೇ ಬೂಟಿನ ಮೇಣ ತಿಕ್ಕಿ. ಮಳೆ ಜಾಕೆಟ್ಟಿಗೆ ಸಾಮಾನ್ಯ ಡಿಟರ್ಜೆಂಟ್ ಹಾಕಬೇಡಿ. ಅದರ ಅಂಶ ಬಟ್ಟೆಯಲ್ಲಿ ಉಳಿದು ನೀರನ್ನು ಒಳಗೆಳೆಯುತ್ತದೆ.