ಪಕ್ಕದ ಮನೆಯವರ ಮೇಲೆ ದೂರು ಕೊಡುವುದು ತಪ್ಪಾ?

ನೀವು ಕೇಳಿರುವುದು ಇಷ್ಟು: ಮೈಸೂರಿನ ವಿಜಯನಗರದಲ್ಲಿ ಮನೆ. ಶನಿವಾರ ಬಂದರೆ ಪಕ್ಕದ ಮನೆಯ ತಾರಸಿ ಮೇಲೆ ರಾತ್ರಿ ಒಂದರವರೆಗೂ ಸೌಂಡ್ ಬಾಕ್ಸ್. ಕಸವೆಲ್ಲ ಆಚೆ ಖಾಲಿ ಸೈಟಿಗೆ. ಹೇಳಿದರೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತಾರೆ. ನಿಮ್ಮ ತಂದೆ ಮಾತ್ರ ‘ನೆರೆಯವರ ಮೇಲೆ ಸ್ಟೇಷನ್ ಮೆಟ್ಟಿಲು ಹತ್ತೋದಾ?’ ಅಂತ ತಡೀತಿದ್ದಾರೆ.

ಹತ್ತಬಹುದು. ಆದರೆ ಯಾವುದಕ್ಕೆ ಹತ್ತಬೇಕು ಅನ್ನೋದು ಸರಿಯಾಗಿ ಗೊತ್ತಿರಬೇಕು.

ಕುವೆಂಪುನಗರದ ನಮ್ಮ ಬೀದಿಯಲ್ಲಿ ಎದುರು ಮನೆ ಕಟ್ಟುವಾಗ ರಾತ್ರಿ ಊಟದ ಹೊತ್ತು ಮುಗಿದ ಮೇಲೆ ಗ್ರಾನೈಟ್ ಕಟ್ ಮಾಡೋಕೆ ಶುರು ಮಾಡುತ್ತಿದ್ದರು. ಮಷಿನ್ ಓಡಿದರೆ ನಮ್ಮ ಅಡುಗೆಮನೆ ಶೆಲ್ಫಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಬೆಳಗ್ಗೆ ನೋಡಿದರೆ ತುಳಸಿ ಎಲೆ ಮೇಲೆಲ್ಲ ಬಿಳಿ ಪುಡಿ. ಗೇಟಿನ ಹತ್ತಿರ ನಿಂತು ಕೇಳಿದೆ. ‘ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿದೆ’ ಅಂದರು. ಕೊನೆಗೆ 112ಕ್ಕೆ ಫೋನ್ ಮಾಡಿದೆ. ಪೊಲೀಸರು ಬಂದು ಕೆಲಸ ನಿಲ್ಲಿಸಿ ಹೋದರು. ಮಾರನೇ ದಿನ ಮನೆಯ ಯಜಮಾನರು ಬೀದಿಗೆಲ್ಲ ಕೇಳುವ ಹಾಗೆ, ‘ನನಗೆ ಒಂದು ಮಾತು ಹೇಳಬಾರದಿತ್ತಾ?’ ಅಂದರು!

ಇದನ್ನು ನಿಮಗೂ ಹೇಳೇ ಹೇಳ್ತಾರೆ. ಅದಕ್ಕೇ ಮೊದಲು ವಾಟ್ಸಾಪ್‌ನಲ್ಲಿ ಮರ್ಯಾದೆಯಾಗಿ ಒಂದು ಮೆಸೇಜ್ ಹಾಕಿಡಿ. ಅವರು ಬಾಡಿಗೆಯವರಾದರೆ ಓನರ್‌ಗೆ ಹೇಳಿ ನೋಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕಾನೂನು ನಿಮ್ಮ ಕಡೆಗೇ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ತಾರಸಿಯೂ ಬಯಲೇ ತಾನೆ? ಮನೆಗಳಿರುವ ಕಡೆ ರಾತ್ರಿಯ ಮಿತಿ 45 ಡೆಸಿಬಲ್. ಸದ್ದು ಮಾಡುವ ಕಟ್ಟಡ ಯಂತ್ರಗಳನ್ನೂ ರಾತ್ರಿ ಓಡಿಸುವಂತಿಲ್ಲ. ಹಬ್ಬಗಳಿಗೆ ಅಂತ ಸರ್ಕಾರ ವರ್ಷಕ್ಕೆ 15 ದಿನದವರೆಗೆ, ರಾತ್ರಿ 12ರ ತನಕ ವಿನಾಯಿತಿ ಕೊಡಬಹುದು. ಶನಿವಾರದ ಪಾರ್ಟಿ ದಸರಾ ಅಲ್ಲವಲ್ಲ.

ನಿಮ್ಮ ತಂದೆಯವರ ಭಯ ಕೇಸು, ಕೋರ್ಟು, ಒಬ್ಬರ ಜೀವನ ಹಾಳು ಅಂತ ಇರಬೇಕು. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಂನಲ್ಲಿ ಇರುವುದು 1000 ರೂಪಾಯಿವರೆಗಿನ ದಂಡ, ಅಷ್ಟೇ. ಎಷ್ಟೋ ಸಲ ಅದೂ ಇರಲ್ಲ, ಕರೆಸಿ ಬೈದು ಕಳಿಸ್ತಾರೆ. ಇದರಿಂದ ಸಂಬಂಧ ಕೆಡುತ್ತೆ ಅನ್ನೋ ಮಾತು ನನಗೆ ಒಪ್ಪಿಗೆಯಾಗಲ್ಲ. ರಾತ್ರಿ ಒಂದು ಗಂಟೆಗೆ ನಿಮ್ಮ ನಿದ್ದೆ ಕೆಡಿಸಿ ನಗೋರ ಜೊತೆ ಅದ್ಯಾವ ಸಂಬಂಧ?

ಹಾಗಂತ ಎಲ್ಲದಕ್ಕೂ ಫೋನ್ ಎತ್ತಬೇಡಿ. ಮಕ್ಕಳ ಕ್ರಿಕೆಟ್, ಒಗ್ಗರಣೆ ಘಾಟು, ಒಂದು ದಿನದ ನಾಮಕರಣ ಎಲ್ಲ ಸಹಿಸಿಕೊಳ್ಳಬೇಕಾದವೇ. ಕಾಂಪೌಂಡ್ ಗೋಡೆ ಜಗಳಕ್ಕೆ ಸ್ಟೇಷನ್‌ಗೆ ಹೋದರೆ ಸಿವಿಲ್ ಕೋರ್ಟಿಗೆ ಹೋಗಿ ಅಂತಾರೆ, ಇಲ್ಲಾ ಇಬ್ಬರನ್ನೂ ಕೂರಿಸಿ ಮುಚ್ಚಳಿಕೆ ಬರೆಸಿಕೊಳ್ತಾರೆ.

ಇನ್ನೊಂದು ಮಾತು, ನನಗೆ ಇದೇ ಜಾಸ್ತಿ ಮುಖ್ಯ. ದೂರು ಗಟ್ಟಿಯಾಗಲಿ ಅಂತ ‘ಕುಡೀತಾರೆ, ಯಾರ್‍ಯಾರೋ ಬಂದು ಹೋಗ್ತಾರೆ’ ಅಂತೆಲ್ಲ ಸೇರಿಸಬೇಡಿ. ಅವರ ಮನೆಗೆ ಯಾರು ಬಂದರೆ ನಿಮಗೇನು? ನಿಮ್ಮ ತಕರಾರು ಸದ್ದಿನದು. ತಾರೀಖು, ಹೊತ್ತು, ಸದ್ದು ಕೇಳುವಂಥ ಒಂದು ವಿಡಿಯೋ ಇಷ್ಟೇ ಸಾಕು. ಮೊದಲು ಸದ್ದು ಆಗುತ್ತಿರುವಾಗಲೇ 112ಕ್ಕೆ ಹೇಳಿ. ಮತ್ತೆ ಶುರುವಾದರೆ ಕನ್ನಡದಲ್ಲೇ ಅರ್ಜಿ ಬರೆದು, ಸುತ್ತಮುತ್ತಲ ಒಂದಿಬ್ಬರ ಸಹಿ ಹಾಕಿಸಿ ಸ್ಟೇಷನ್‌ಗೆ ಕೊಡಿ. ನಿಮ್ಮ ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳೋದು ಮರೀಬೇಡಿ. ನಿಮಗಾದ ತೊಂದರೆ ಎದುರು ಮನೆಯವರಿಗೂ ಆಗಿರುತ್ತದೆ, ಕೇಳೋರಿಲ್ಲ ಅಂತ ಸುಮ್ನಿರ್ತಾರೆ ಅಷ್ಟೇ.

ಕಸದ ವಿಷಯಕ್ಕೆ ಪೊಲೀಸರು ಬೇಡ, ಅದು ಪಾಲಿಕೆಯ ಕೆಲಸ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರು ನಮ್ಮದು. ಆದರೂ ಖಾಲಿ ಸೈಟು ಕಂಡರೆ ಕೈ ಸುಮ್ನಿರಲ್ಲ! ಫೋಟೋ ತೆಗೆದು ನಿಮ್ಮ ವಾರ್ಡಿನ ಹೆಲ್ತ್ ಇನ್‌ಸ್ಪೆಕ್ಟರ್‌ಗೆ ಕೊಡಿ. ಸೈಟಿನ ಮಾಲೀಕರ ನಂಬರ್ ಸಿಕ್ಕರೆ ಅವರಿಗೂ ಕಳಿಸಿ. ಲಕ್ಷಗಟ್ಟಲೆ ಕೊಟ್ಟು ತಗೊಂಡ ಸೈಟು ತಿಪ್ಪೆಯಾಗಿದ್ದು ನೋಡಿದರೆ ನಿಮಗಿಂತ ಮೊದಲು ಅವರೇ ಬಂದು ಜಗಳಕ್ಕೆ ನಿಲ್ಲುತ್ತಾರೆ.