ಇಂಗ್ಲಿಷ್‌ನಲ್ಲಿ ಎರಡು ವರ್ಣನೆಗಳನ್ನು ಸೇರಿಸುವಾಗ 'ಆ್ಯಂಡ್' ಯಾವಾಗ, 'ಬಟ್' ಯಾವಾಗ?

ಎರಡನೆಯ ಮಾತು ಮೊದಲನೆಯದರ ದಾರಿಯಲ್ಲೇ ಹೋದರೆ 'ಆ್ಯಂಡ್'. ಮೊದಲನೆಯದನ್ನು ಕೇಳಿದಾಗ ಮನಸ್ಸು ಒಂದು ಕಡೆ ವಾಲುತ್ತದಲ್ಲ, ಅದನ್ನು ಎರಡನೆಯದು ತಿರುಗಿಸಿದರೆ 'ಬಟ್'.

'ದ ರೂಮ್ ಈಸ್ ಸ್ಮಾಲ್', 'ದ ರೂಮ್ ಈಸ್ ಡಾರ್ಕ್' ಎಂಬ ಎರಡು ವಾಕ್ಯ ತಗೊಳ್ಳಿ. ಎರಡೂ ಕೋಣೆಯ ಮೇಲಿನ ದೂರುಗಳೇ. ಹಾಗಾಗಿ 'ದ ರೂಮ್ ಈಸ್ ಸ್ಮಾಲ್ ಆ್ಯಂಡ್ ಡಾರ್ಕ್'. ಎರಡನೇ ಸಲ 'ದ ರೂಮ್ ಈಸ್' ಬೇಕಾಗಿಲ್ಲ, ಸುಮ್ನೆ ಬಿಟ್ಟುಬಿಡಬಹುದು. ಕನ್ನಡದಲ್ಲಿ ನಾವು 'ಚಿಕ್ಕದೂ ಹೌದು, ಕತ್ತಲೂ ಹೌದು' ಅಂತ ಎರಡಕ್ಕೂ 'ಊ' ಅಂಟಿಸುತ್ತೇವೆ. ಇಂಗ್ಲಿಷ್‌ಗೆ ನಡುವೆ ಒಂದೇ ಪದ ಸಾಕು.

ಅದೇ ಕೋಣೆ ಚೊಕ್ಕಟವಾಗಿದ್ದರೆ 'ಸ್ಮಾಲ್ ಬಟ್ ಕ್ಲೀನ್'. ಚಿಕ್ಕ ಕೋಣೆ ಕೊಳಕಾಗಿಯೇ ಇರಬೇಕು ಅಂತೇನಿಲ್ಲ. ಆದರೆ ಒಂದು ಕೊರತೆ, ಇನ್ನೊಂದು ಮೆಚ್ಚುಗೆ, ಅಲ್ವಾ? ಅದಕ್ಕೇ 'ಬಟ್'.

ಇಲ್ಲೊಂದು ಮಜಾ ಇದೆ. 'ಬಟ್' ಆದಮೇಲೆ ಬರುವ ಮಾತಿಗೇ ತೂಕ ಜಾಸ್ತಿ. ಸೀರೆ ನೋಡಿ 'ಬ್ಯೂಟಿಫುಲ್ ಬಟ್ ಎಕ್ಸ್‌ಪೆನ್ಸಿವ್' ಅಂದರೆ ಅದು ಅಂಗಡಿಯಲ್ಲೇ ಉಳಿಯುತ್ತದೆ. 'ಎಕ್ಸ್‌ಪೆನ್ಸಿವ್ ಬಟ್ ಬ್ಯೂಟಿಫುಲ್' ಅಂದರೆ ಯಜಮಾನರು ಪರ್ಸ್ ತೆಗೆಯಬೇಕಾಗುತ್ತದೆ! ಪದಗಳು ಅವೇ, ಜಾಗ ಮಾತ್ರ ಬೇರೆ.

ಒಂದು ಎಚ್ಚರಿಕೆ: 'ಆಲ್‌ದೋ' ಹಾಕಿದರೆ 'ಬಟ್' ಬೇಡ. 'ಆಲ್‌ದೋ ಹಿ ಈಸ್ ಓಲ್ಡ್, ಬಟ್ ಹಿ ಈಸ್ ಸ್ಟ್ರಾಂಗ್' ತಪ್ಪು. 'ವಯಸ್ಸಾಗಿದ್ದರೂ ಗಟ್ಟಿಯಾಗಿದ್ದಾರೆ' ಅನ್ನುವಾಗ 'ರೂ' ಒಂದೇ ಸಾಕಲ್ಲ, ಹಾಗೆಯೇ ಇದೂ.