ಕಲಬುರಗಿಯಲ್ಲಿ ಉಪ್ಪುನೀರಿನ ರೀಫ್ ಟ್ಯಾಂಕ್ (ಹವಳ, ಮೀನು ಸಾಕುವ ಅಕ್ವೇರಿಯಂ) ಇದೆ, ರೆಫ್ಯೂಜಿಯಂ (ಪಾಚಿ ಬೆಳೆಸುವ ಪ್ರತ್ಯೇಕ ಭಾಗ) ಸೇರಿಸಬೇಕಾ?

ನೈಟ್ರೇಟ್, ಫಾಸ್ಫೇಟ್ ಪದೇ ಪದೇ ಏರುತ್ತಿದ್ದರೆ ಸೇರಿಸಿ. ಸಂಪ್‌ನಲ್ಲೇ (ಮುಖ್ಯ ಟ್ಯಾಂಕ್‌ಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಒಂದು ಭಾಗ ಬಿಟ್ಟು ಕೀಟೋ (ಕೀಟೋಮಾರ್ಫಾ) ಎಂಬ ಹಸಿರು ಪಾಚಿ ಹಾಕಿದರೆ ಸಾಕು. ಅದು ಬೆಳೆಯುತ್ತಾ ಇವೆರಡನ್ನೂ ಹೀರುತ್ತದೆ. ಆದರೆ ಆಗಾಗ ಕಿತ್ತು ಹೊರಗೆ ಹಾಕಬೇಕು. ಅಲ್ಲೇ ಕೊಳೆಯಲು ಬಿಟ್ಟರೆ ಹೀರಿದ್ದೆಲ್ಲ ವಾಪಸ್ ನೀರಿಗೇ, ಅಲ್ವಾ? ಮೀನುಗಳ ಕಾಟ ಇಲ್ಲದ್ದರಿಂದ ಕೋಪೆಪಾಡ್ ಎಂಬ ಪುಟ್ಟ ಜಲಜೀವಿಗಳೂ ಅಲ್ಲಿ ಜಾಸ್ತಿಯಾಗುತ್ತವೆ. ಮ್ಯಾಂಡರಿನ್ ಮೀನಿಗೆ ಅದೇ ಊಟ.

ರೆಫ್ಯೂಜಿಯಂನ ಲೈಟನ್ನು ರಾತ್ರಿ ಹಚ್ಚಿ. ಮುಖ್ಯ ಟ್ಯಾಂಕ್ ಕತ್ತಲಾದಾಗ ಪಿಎಚ್ ಇಳಿಯುತ್ತದೆ. ಪಾಚಿ ಕಾರ್ಬನ್ ಡೈಆಕ್ಸೈಡ್ ಹೀರುವುದರಿಂದ ಆ ಇಳಿತ ತಗ್ಗುತ್ತದೆ. ನಮ್ಮೂರ ಬಿಸಿಲಿಗೂ ಅದೇ ವಾಸಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಹಗಲಲ್ಲಿ ಇನ್ನೊಂದು ಲೈಟಿನ ಕಾವು ಸುಮ್ನೆ ಯಾಕೆ? ಆವಿಯಾದಷ್ಟು ಆರ್‌ಒ ನೀರು ಸುರಿಯಿರಿ, ಉಪ್ಪುನೀರಲ್ಲ. ಬೋರ್‌ವೆಲ್ ನೀರಂತೂ ಬೇಡವೇ ಬೇಡ.